ಒಂದು ಸಾಲಿನ ಕೋಡ್ ಸಾಕು ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸದಾಗಿ ಆ್ಯಪ್ ಮಾಡುವವರಿಗೆಂದು ಬಂದ ಲೇಖನ ಓದಿದೆ. ಒಳ್ಳೆಯ ಸಲಹೆಗಳು ಬಹಳಷ್ಟಿದ್ದವು. ಆದರೆ ಅನಾಲಿಟಿಕ್ಸ್ (ಜನ ಆ್ಯಪ್ ಹೇಗೆ ಬಳಸುತ್ತಾರೆ ಎಂದು ಲೆಕ್ಕ ಇಡುವ ಕೆಲಸ) ಬಗ್ಗೆ ಇದ್ದ ಒಂದು ಪ್ಯಾರಾ ಮಾತ್ರ ಓದಿ ಸುಮ್ಮನಿರಲು ಆಗಲಿಲ್ಲ. ಉಪಕರಣವೇ ಎಲ್ಲವನ್ನೂ ತಾನಾಗಿ ದಾಖಲಿಸಿಕೊಳ್ಳುತ್ತದೆ, ಒಂದು ಸಾಲಿನ ಕೋಡ್ ಸೇರಿಸಿದರೆ ಸಾಕು, ಕೈಯಿಂದ ಒಂದೊಂದೇ ಇವೆಂಟ್ ಬರೆಯುವುದು ಹಳೇ ಪದ್ಧತಿ ಎನ್ನುವ ಅರ್ಥ ಅಲ್ಲಿತ್ತು.

ಇದು ನನ್ನ ದಿನನಿತ್ಯದ ಕೆಲಸ. ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುವ ಆ್ಯಪ್ ಒಂದಿದೆ. ಅದನ್ನು ಜನ ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ, ಎಲ್ಲಿ ಬಿಟ್ಟು ಹೋಗುತ್ತಾರೆ ಎಂದು ನೋಡುವುದು ನನ್ನ ಪಾಲಿನ ಹೊಣೆ. ನಮ್ಮ ತಂಡ ಚಿಕ್ಕದು. ಆಟೊಮ್ಯಾಟಿಕ್ ಬೇಕಾ, ಮ್ಯಾನ್ಯುಯಲ್ ಬೇಕಾ ಎಂಬ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಆದ್ದರಿಂದ ಆ ಒಂದು ಸಾಲಿನ ಕೋಡ್ ನಿಜವಾಗಿ ಏನು ಮಾಡುತ್ತದೆ ಎಂದು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು.

ಈ ಕೆಲಸದ ಪರಿಚಯವಿಲ್ಲದವರಿಗೆ ಮೊದಲು ಎರಡು ಮಾತು. ಆ್ಯಪ್‌ನಲ್ಲಿ ನೀವು ಮಾಡುವ ಒಂದೊಂದು ಕೆಲಸವೂ ಒಂದು ಇವೆಂಟ್. ಆ್ಯಪ್ ತೆರೆದಿರಿ, ಬಟನ್ ಒತ್ತಿದಿರಿ, ಹೆಸರು ನೋಂದಾಯಿಸಿದಿರಿ, ಎಲ್ಲವೂ ಇವೆಂಟ್‌ಗಳೇ. ಮ್ಯಾನ್ಯುಯಲ್ ಎಂದರೆ ಯಾವ ಇವೆಂಟ್ ಬೇಕು, ಅದಕ್ಕೆ ಏನು ಹೆಸರು, ಅದರ ಜೊತೆ ಯಾವ ವಿವರ ಹೋಗಬೇಕು ಎಂದು ಮೊದಲೇ ಪಟ್ಟಿ ಮಾಡಿ, ಡೆವಲಪರ್ ಒಂದೊಂದಕ್ಕೂ ಕೋಡ್ ಬರೆಯುವುದು. ಆಟೊಮ್ಯಾಟಿಕ್ ಎಂದರೆ ಒಂದು ಎಸ್‌ಡಿಕೆ (ಬೇರೆ ಕಂಪನಿ ತಯಾರಿಸಿಟ್ಟ ಕೋಡ್‌ನ ಕಟ್ಟು) ಸೇರಿಸಿ, ತೆರೆದ ಸ್ಕ್ರೀನ್, ತಾಗಿದ ಬೆರಳು, ಬದಲಾದ ಫಾರಂ ಎಲ್ಲವನ್ನೂ ಅದು ತಾನೇ ಹಿಡಿದುಕೊಳ್ಳಲು ಬಿಡುವುದು. ಇದಕ್ಕೆ ನಮ್ಮವರು ಆಟೋಕ್ಯಾಪ್ಚರ್ ಎನ್ನುತ್ತಾರೆ. 2013ರಲ್ಲಿ ಹೀಪ್ ಎಂಬ ಕಂಪನಿ ಇದನ್ನೇ ತನ್ನ ಮುಖ್ಯ ಗುಣ ಎಂದು ಹೇಳಿಕೊಂಡು ಮಾರುಕಟ್ಟೆಗೆ ಬಂತು. ಈಗ ಪೋಸ್ಟ್‌ಹಾಗ್‌ನಂಥ ಓಪನ್ ಸೋರ್ಸ್ ಉಪಕರಣದಲ್ಲೂ ಈ ಸೌಲಭ್ಯ ಇದೆ. ಮಿಕ್ಸ್‌ಪ್ಯಾನೆಲ್, ಆಂಪ್ಲಿಟ್ಯೂಡ್‌ನಂಥವು ಮುಖ್ಯವಾಗಿ ಕೈಯಿಂದ ಬರೆದ ಇವೆಂಟ್‌ಗಳ ಮೇಲೆಯೇ ಬೆಳೆದು, ಆಮೇಲೆ ಆಟೊಮ್ಯಾಟಿಕ್ ಅನ್ನೂ ಸೇರಿಸಿಕೊಂಡವು.

ಗೂಗಲ್‌ನ ಫೈರ್‌ಬೇಸ್ ಎಂಬ ಉಪಕರಣ ಈ ಎರಡರ ನಡುವೆ ಇದೆ. ಆ್ಯಪ್ ಮೊದಲ ಬಾರಿ ತೆರೆದದ್ದು, ಸೆಷನ್ (ಒಂದು ಸಲದ ಬಳಕೆ) ಶುರುವಾದದ್ದು, ಸ್ಕ್ರೀನ್ ನೋಡಿದ್ದು, ಆ್ಯಪ್ ಅಪ್‌ಡೇಟ್ ಆದದ್ದು, ಇಂಥ ಕೆಲವನ್ನು ಅದು ತಾನಾಗಿ ದಾಖಲಿಸುತ್ತದೆ. ಉಳಿದದ್ದನ್ನು ನಾವೇ ಬರೆಯಬೇಕು. ಹಾಗೆ ಬರೆಯುವುದಕ್ಕೂ ಮಿತಿ ಇದೆ: ಒಂದು ಆ್ಯಪ್‌ನಲ್ಲಿ ಬೇರೆ ಬೇರೆ ಹೆಸರಿನ 500 ಇವೆಂಟ್, ಒಂದು ಇವೆಂಟ್‌ಗೆ 25 ವಿವರ, ಹೆಸರಿಗೆ 40 ಅಕ್ಷರ. ಇಷ್ಟು ಸಾಲದು ಎಂದು ದೂರುವವರನ್ನು ನೋಡಿದ್ದೇನೆ. ನಮ್ಮ ಪಟ್ಟಿಯಲ್ಲಿ ನಲವತ್ತೂ ಇಲ್ಲ. ಅಷ್ಟರಲ್ಲೇ ಕೆಲಸ ಚೆನ್ನಾಗಿ ನಡೆಯುತ್ತಿದೆ.

ಆಟೊಮ್ಯಾಟಿಕ್ ಕಡೆಯ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಅದು ನ್ಯಾಯ. ನಮ್ಮ ಆ್ಯಪ್‌ನಲ್ಲಿ ಒಂದೊಂದು ಮಾತ್ರೆಯ ಮುಂದೆ ಅದರ ಬಣ್ಣ, ಆಕಾರ ತೋರಿಸುವ ಚಿಕ್ಕ ಚಿತ್ರ ಇದೆ. ಅದು ಬಟನ್ ಅಲ್ಲ, ಬರೀ ಚಿತ್ರ. ಬೆರಳು ಎಲ್ಲಿ ತಾಗಿದರೂ ದಾಖಲಿಸುವ ಉಪಕರಣವನ್ನು ಸ್ವಲ್ಪ ಕಾಲ ಹಾಕಿ ನೋಡಿದಾಗ, ಆ ಚಿತ್ರವನ್ನು ಜನ ಮತ್ತೆ ಮತ್ತೆ ಒತ್ತುತ್ತಿದ್ದದ್ದು ಗೊತ್ತಾಯಿತು. ದೊಡ್ಡದಾಗಿ ಕಾಣಲಿ ಎಂದು ಒತ್ತುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಕಣ್ಣು ಮಂಜಾದ ಹಿರಿಯರು ನಮ್ಮ ಬಳಕೆದಾರರಲ್ಲಿ ಜಾಸ್ತಿ. ಬಟನ್ ಅಲ್ಲದ ಚಿತ್ರಕ್ಕೆ ಇವೆಂಟ್ ಬರೆಯೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ, ಹೊಳೆಯುವುದು ಸಾಧ್ಯವೂ ಇರಲಿಲ್ಲ. ನಾವು ಕೇಳದ ಪ್ರಶ್ನೆಗೂ ಉತ್ತರ ಸಿಗುವುದು ಆಟೊಮ್ಯಾಟಿಕ್‌ನ ನಿಜವಾದ ಬಲ. ಈಗ ಆ ಚಿತ್ರ ಒತ್ತಿದರೆ ಸ್ಕ್ರೀನ್ ತುಂಬ ಕಾಣುತ್ತದೆ.

ಇನ್ನೊಂದು ಅನುಕೂಲವೂ ಇದೆ. ಕೈಯಿಂದ ಬರೆಯುವಾಗ ಒಂದು ಇವೆಂಟ್ ಬಿಟ್ಟುಹೋದರೆ ಹಿಂದಿನ ಲೆಕ್ಕ ಹೋದಂತೆಯೇ. ಫೋನ್ ಆ್ಯಪ್‌ನಲ್ಲಿ ಈ ತಾಪತ್ರಯ ವೆಬ್‌ಸೈಟ್‌ಗಿಂತ ಜಾಸ್ತಿ. ಕೋಡ್ ಸೇರಿಸಬೇಕು, ಹೊಸ ಆವೃತ್ತಿ ಸ್ಟೋರ್‌ಗೆ ಕಳಿಸಬೇಕು, ಅವರು ಪರಿಶೀಲಿಸಬೇಕು, ಆಮೇಲೆ ಜನ ಅಪ್‌ಡೇಟ್ ಮಾಡಿಕೊಳ್ಳಬೇಕು. ಎಷ್ಟೋ ಮಂದಿ ಅಪ್‌ಡೇಟ್ ಮಾಡುವುದೇ ಇಲ್ಲ. ಆಟೋಕ್ಯಾಪ್ಚರ್‌ನಲ್ಲಾದರೆ ಎಲ್ಲವೂ ಮೊದಲೇ ಬಂದು ಕೂತಿರುತ್ತದೆ. ಬೇಕಾದಾಗ ಇಂಥ ಬಟನ್ ಎಂದು ತೋರಿಸಿದರೆ, ಅದನ್ನು ಹಾಕಿದ ದಿನದಿಂದ ಇಲ್ಲಿಯವರೆಗಿನ ಲೆಕ್ಕ ಸಿಗುತ್ತದೆ.

ಹಾಗಾದರೆ ಆ ಲೇಖನ ಹೇಳಿದ್ದು ಸರಿಯೇ ಅಲ್ವಾ ಎಂದು ನೀವು ಕೇಳಬಹುದು. ಅಲ್ಲ. ಅದೇ ಆ್ಯಪ್‌ನಲ್ಲಿ ನಡೆದ ಇನ್ನೊಂದು ಸಂಗತಿ ಕೇಳಿ.

ನಮ್ಮ ಆ್ಯಪ್‌ನ ಜೀವ ಇರುವುದು 'ತೆಗೆದುಕೊಂಡೆ' ಎನ್ನುವ ಬಟನ್‌ನಲ್ಲಿ. ಮಾತ್ರೆ ನುಂಗಿದ ಮೇಲೆ ಅದನ್ನು ಒತ್ತಬೇಕು. ಆಟೊಮ್ಯಾಟಿಕ್ ಲೆಕ್ಕ ನೋಡಿದರೆ ಅದನ್ನು ಒತ್ತುವವರು ಬಹಳ ಕಡಿಮೆ. ಜನ ಮಾತ್ರೆ ತೆಗೆದುಕೊಳ್ಳುತ್ತಿಲ್ಲ, ಇಲ್ಲವೇ ಒತ್ತಲು ಬೇಸರ ಪಡುತ್ತಿದ್ದಾರೆ ಎಂದು ಮೀಟಿಂಗ್‌ನಲ್ಲಿ ಮಾತಾಯಿತು. ದಿನಕ್ಕೆ ಇನ್ನೂ ನಾಲ್ಕು ಸಲ ಹೆಚ್ಚು ನೆನಪಿಸೋಣ, ಶಬ್ದ ಜೋರು ಮಾಡೋಣ ಎಂಬ ಸಲಹೆಯೂ ಬಂತು. ಒಂದು ಕ್ಷಣ ಯೋಚಿಸಿ. ಕಾಯಿಲೆಯವರ ಫೋನ್ ದಿನವಿಡೀ ಇನ್ನೂ ಜಾಸ್ತಿ ಕೂಗುತ್ತಿತ್ತು.

ನಿಜ ಸಂಗತಿ ಏನೆಂದರೆ, ಹೆಚ್ಚಿನವರು ಆ್ಯಪ್ ತೆರೆಯುತ್ತಲೇ ಇರಲಿಲ್ಲ. ನೋಟಿಫಿಕೇಷನ್ ಬಂದಾಗ ಅದರ ಕೆಳಗೇ 'ತೆಗೆದುಕೊಂಡೆ' ಎಂದು ಇರುತ್ತದೆ. ಅಲ್ಲೇ ಒತ್ತಿ ಮುಗಿಸುತ್ತಿದ್ದರು. ನೋಟಿಫಿಕೇಷನ್ ಅನ್ನು ಪರದೆಯ ಮೇಲೆ ತೋರಿಸುವುದು ಫೋನಿನ ಆಪರೇಟಿಂಗ್ ಸಿಸ್ಟಂ, ನಮ್ಮ ಆ್ಯಪ್‌ನ ಸ್ಕ್ರೀನ್ ಅಲ್ಲ. ಸ್ಕ್ರೀನ್ ಮೇಲಿನ ಬೆರಳನ್ನು ಹಿಡಿಯುವ ಉಪಕರಣಕ್ಕೆ ಸ್ಕ್ರೀನ್ ಆಚೆ ನಡೆದದ್ದು ಕಾಣುವುದಿಲ್ಲ. ಅದು ಸುಳ್ಳು ಹೇಳಲಿಲ್ಲ, ತನಗೆ ಕಂಡಷ್ಟನ್ನು ಹೇಳಿತು. 'ಎಲ್ಲವನ್ನೂ ದಾಖಲಿಸುತ್ತದೆ' ಎಂಬ ಮಾತನ್ನು ನಂಬಿದವರು ಅದಕ್ಕೆ ಕಾಣದ್ದು ನಡೆದೇ ಇಲ್ಲ ಎಂದುಕೊಂಡರು.

ಪರಿಹಾರ ಸರಳವಾಗಿತ್ತು. 'ಡೋಸ್ ದಾಖಲಾಯಿತು' ಎಂಬ ಒಂದೇ ಇವೆಂಟ್ ಕೈಯಿಂದ ಬರೆದೆವು. ಬಟನ್ ಒತ್ತಿದಾಗ ಅದು ಹೋಗುವುದಿಲ್ಲ. ಡೋಸ್ ನಿಜವಾಗಿ ಸೇವ್ ಆದ ಜಾಗದಿಂದ ಹೋಗುತ್ತದೆ. ಎಲ್ಲಿಂದ ಬಂತು ಎಂಬ ವಿವರವನ್ನು ಜೊತೆಗೆ ಇಟ್ಟೆವು: ಸ್ಕ್ರೀನ್, ನೋಟಿಫಿಕೇಷನ್, ವಿಜೆಟ್ (ಫೋನಿನ ಮುಖ್ಯ ಪರದೆಯಲ್ಲಿ ಇಡುವ ಆ್ಯಪ್‌ನ ಚಿಕ್ಕ ಚೌಕ). ಚಿತ್ರ ಪೂರ್ತಿ ತಿರುಗಿಬಿಟ್ಟಿತು. ಶಬ್ದ ಜೋರು ಮಾಡುವ ಸಲಹೆ ಅಲ್ಲಿಗೇ ನಿಂತಿತು.

ಯಾವ ಆ್ಯಪ್ ಆದರೂ ಇದೇ ಕತೆ. 'ಹಣ ಪಾವತಿಸಿ' ಬಟನ್ ಒತ್ತಿದ್ದಕ್ಕೂ ಹಣ ಪಾವತಿಯಾದದ್ದಕ್ಕೂ ವ್ಯತ್ಯಾಸ ಇದೆ. ನೆಟ್‌ವರ್ಕ್ ಹೋಗಬಹುದು, ಬ್ಯಾಂಕ್ ತಿರಸ್ಕರಿಸಬಹುದು, ಗಾಬರಿಯಲ್ಲಿ ಮೂರು ಸಲ ಒತ್ತಿರಬಹುದು. ಬೆರಳಿನ ಲೆಕ್ಕ ನಂಬಿದರೆ ಮೂರು ಪಾವತಿ. ಇಂಥದ್ದನ್ನು ಫೋನಿನಿಂದಲ್ಲ, ಸರ್ವರ್‌ನಿಂದಲೇ ದಾಖಲಿಸಬೇಕು. ಅದನ್ನು ಯಾರಾದರೂ ಕೂತು ಬರೆಯಲೇಬೇಕು, ತಾನಾಗಿ ಆಗುವುದಿಲ್ಲ.

ಆಟೊಮ್ಯಾಟಿಕ್ ಲೆಕ್ಕ ಸಣ್ಣ ಬದಲಾವಣೆಗೂ ಅಲುಗಾಡುತ್ತದೆ. ಅದು ಬಟನ್ ಅನ್ನು ಗುರುತಿಸುವುದು ಬಹುಪಾಲು ಅದರ ಮೇಲಿನ ಬರಹದಿಂದ, ಇಲ್ಲವೇ ಸ್ಕ್ರೀನ್‌ನಲ್ಲಿ ಅದು ಯಾವುದರ ಒಳಗೆ ಇದೆ ಎನ್ನುವುದರಿಂದ. ಡಿಸೈನರ್ ಒಂದು ಸ್ಕ್ರೀನ್ ಬದಲಿಸಿದರೆ, ಬರಹ ತಿದ್ದಿದರೆ, ನಿನ್ನೆಯವರೆಗೆ ಸರಿಯಾಗಿದ್ದ ಗ್ರಾಫ್‌ನ ಗೆರೆ ಸೊನ್ನೆಗೆ ಬೀಳುತ್ತದೆ. ಫ್ಲಟರ್ ಎಂಬ, ಆ್ಯಪ್ ಕಟ್ಟುವ ಸಾಧನದಲ್ಲಿ ಮಾಡಿದ ಆ್ಯಪ್ ಆದರೆ ಇನ್ನೂ ಕಷ್ಟ. ಫ್ಲಟರ್ ತನ್ನ ಸ್ಕ್ರೀನ್ ಅನ್ನು ತಾನೇ ಚಿತ್ರಿಸಿಕೊಳ್ಳುತ್ತದೆ. ಅದಕ್ಕೆಂದೇ ತಯಾರಾಗದ ಉಪಕರಣಕ್ಕೆ ಒಳಗಿನ ಬಟನ್‌ಗಳು ಬೇರೆ ಬೇರೆಯಾಗಿ ಕಾಣುವುದೇ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕದ ಮಾತು. ಈ ಪತ್ರ ಬರೆಯಲು ನಿಜವಾದ ಕಾರಣ ಮುಂದಿನದು.

ನಮ್ಮ ಆ್ಯಪ್‌ನಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ. ಒಂದೊಂದು ಸಾಲಿನಲ್ಲೂ ಒಂದು ಮಾತ್ರೆಯ ಹೆಸರು. ಆಟೋಕ್ಯಾಪ್ಚರ್ ಬಟನ್ ಗುರುತಿಸುವುದು ಬಹುಪಾಲು ಬರಹದಿಂದ ಎಂದೆ. ಹಾಗಾಗಿ ಒತ್ತಿದ ಜಾಗದ ಬರಹವನ್ನೂ ಅದು ಜೊತೆಗೆ ಕಳಿಸುತ್ತದೆ. ಅಂದರೆ ಒಬ್ಬರು ತಮ್ಮ ಮಾತ್ರೆಯ ಸಾಲನ್ನು ಒತ್ತಿದರೆ, ಆ ಮಾತ್ರೆಯ ಹೆಸರು ಇನ್ನೊಂದು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಮಾತ್ರೆಯ ಹೆಸರು ಗೊತ್ತಾದರೆ ಕಾಯಿಲೆ ಗೊತ್ತಾದಂತೆ. ಮನೆಯವರಿಗೂ ಹೇಳದ ಕಾಯಿಲೆಗಳಿರುತ್ತವೆ. ನಮ್ಮಲ್ಲಿ ಯಾರೂ ಆ ಹೆಸರು ಬೇಕೆಂದು ಕೇಳಿರಲಿಲ್ಲ, ಅದರಿಂದ ನಮಗೆ ಮೂರು ಕಾಸಿನ ಪ್ರಯೋಜನವೂ ಇರಲಿಲ್ಲ. ಪರೀಕ್ಷೆಯ ಹಂತದಲ್ಲಿ ನಮ್ಮ ಟೆಸ್ಟರ್ ಒಬ್ಬರು ಹೊರಗೆ ಹೋಗುವ ಮಾಹಿತಿಯನ್ನು ಸಾಲು ಸಾಲಾಗಿ ಓದುತ್ತಿದ್ದಾಗ ಇದನ್ನು ಕಂಡುಹಿಡಿದರು. ಅವರು ಓದದಿದ್ದರೆ ಆ ಆವೃತ್ತಿ ಜನರ ಫೋನ್‌ಗೆ ಹೋಗುತ್ತಿತ್ತು. ಬರಹ ಮರೆಮಾಡುವ ಸೆಟ್ಟಿಂಗ್ ಉಪಕರಣದಲ್ಲೇ ಇತ್ತು. ಆದರೆ ಅದನ್ನು ನಾವು ಆನ್ ಮಾಡಬೇಕಿತ್ತು.

ಇದು ನಮ್ಮ ಒಂದು ಆ್ಯಪ್‌ನ ಮಾತಲ್ಲ. 2018ರಲ್ಲಿ ಮಿಕ್ಸ್‌ಪ್ಯಾನೆಲ್ ತನ್ನ ಗ್ರಾಹಕರಿಗೆ ಒಂದು ವಿಷಯ ತಿಳಿಸಬೇಕಾಯಿತು. ವೆಬ್‌ಸೈಟ್‌ಗಳಿಗಾಗಿ ಇದ್ದ ಅದರ ಆಟೋಟ್ರ್ಯಾಕ್ ಸೌಲಭ್ಯ ಕೆಲವು ಕಡೆ ಜನರ ಪಾಸ್‌ವರ್ಡ್‌ಗಳನ್ನೂ ಸಂಗ್ರಹಿಸಿಬಿಟ್ಟಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ವೆಬ್‌ಸೈಟ್ ಕಟ್ಟಲು ಬಳಸುವ ರಿಯಾಕ್ಟ್ ಎಂಬ ಲೈಬ್ರರಿಯಲ್ಲಿ ಆದ ಒಂದು ಬದಲಾವಣೆಯಿಂದ ಫಾರಂನಲ್ಲಿ ಬರೆದದ್ದರ ನಕಲು ಇನ್ನೊಂದು ಜಾಗಕ್ಕೂ ಬರತೊಡಗಿತು. ಸಿಕ್ಕಿದ್ದನ್ನೆಲ್ಲ ಹಿಡಿಯುವ ಉಪಕರಣ ಅದನ್ನೂ ಹಿಡಿಯಿತು. 2019ರಲ್ಲಿ ಕೆಲವು ಐಫೋನ್ ಆ್ಯಪ್‌ಗಳು ಬಳಕೆದಾರರಿಗೆ ಸ್ಪಷ್ಟವಾಗಿ ಹೇಳದೆ ಅವರ ಸ್ಕ್ರೀನ್ ಚಟುವಟಿಕೆಯನ್ನು ದಾಖಲಿಸುತ್ತಿದ್ದದ್ದು ಸುದ್ದಿಯಾಯಿತು. ಒಪ್ಪಿಗೆ ಕೇಳಿ, ದಾಖಲಾಗುತ್ತಿದೆ ಎಂದು ಕಾಣುವಂತೆ ತೋರಿಸಿ, ಇಲ್ಲವೇ ಆ ಕೋಡ್ ತೆಗೆಯಿರಿ ಎಂದು ಆ್ಯಪಲ್ ಆಗ ಡೆವಲಪರ್‌ಗಳಿಗೆ ಹೇಳಿತು.

ಹಾಗೆಂದು ಕೈಯಿಂದ ಬರೆದದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಫ್ಲೋ ಎಂಬ ಆ್ಯಪ್ ಇದೆ, ಮಹಿಳೆಯರು ಮುಟ್ಟಿನ ದಿನ, ಗರ್ಭಧಾರಣೆ ಲೆಕ್ಕ ಇಡಲು ಬಳಸುವುದು. ಆರೋಗ್ಯದ ಮಾಹಿತಿಯನ್ನು ಗುಟ್ಟಾಗಿ ಇಡುತ್ತೇವೆ ಎಂದು ಮಾತು ಕೊಟ್ಟು, ಅದನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳ ಅನಾಲಿಟಿಕ್ಸ್‌ಗೆ ಕಳಿಸಿತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2021ರಲ್ಲಿ ಆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಅಲ್ಲಿ ಹೋದದ್ದು ಕೈಯಿಂದ ಬರೆದ ಇವೆಂಟ್‌ಗಳೇ. ಒಂದರ ಹೆಸರಿನಲ್ಲೇ 'ಪ್ರೆಗ್ನೆನ್ಸಿ ವೀಕ್ ಚೋಸನ್' ಎಂದಿತ್ತು. ಬೇರೆ ವಿವರವೇ ಬೇಡ, ಆ ಹೆಸರು ಹೋದರೆ ಸಾಕು, ಅವಳು ಗರ್ಭಿಣಿ ಎಂದು ಊಹಿಸಲು.

ಆದರೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೈಯಿಂದ ಬರೆದ ಇವೆಂಟ್‌ಗೆ ಒಂದು ಪಟ್ಟಿ ಇರುತ್ತದೆ. ಅದನ್ನು ಇಟ್ಟುಕೊಂಡು ಇದು ಯಾಕೆ, ಯಾರಿಗೆ ಬೇಕು, ಬರೆದವರು ಯಾರು ಎಂದು ಕೇಳಬಹುದು. ನಮ್ಮಲ್ಲಿ ಹೊಸ ಇವೆಂಟ್ ಸೇರಿಸಬೇಕಾದರೆ ಒಂದು ಕಾಲಂ ತುಂಬಲೇಬೇಕು: ಈ ಅಂಕಿ ಬಂದರೆ ನಾವು ಯಾವ ನಿರ್ಧಾರ ಬದಲಿಸುತ್ತೇವೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಇವೆಂಟ್ ಇಲ್ಲ. ಈ ಕಾಲಂ ತುಂಬಲಾಗದೆ ಬಿಟ್ಟುಹೋದ ಇವೆಂಟ್‌ಗಳೇ ಎಷ್ಟೋ. ಸುಮ್ನೆ ಇರಲಿ, ಮುಂದೆ ಬೇಕಾಗಬಹುದು ಎನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ. ಆಟೋಕ್ಯಾಪ್ಚರ್ ನಿಂತಿರುವುದೇ ಆ 'ಮುಂದೆ ಬೇಕಾಗಬಹುದು' ಮೇಲೆ. ಯಾಕೆ ಎಂದು ಯಾರೂ ಕೇಳುವುದಿಲ್ಲ, ಕೇಳುವ ಗಳಿಗೆಯೇ ಬರುವುದಿಲ್ಲ.

ಕಾನೂನು ಕೇಳುವುದೂ ಇದನ್ನೇ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ಕಾಯ್ದೆಯ 5ನೇ ವಿಧಿ, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿ ತೆಗೆದುಕೊಳ್ಳಿ ಎನ್ನುತ್ತದೆ. ಆ್ಯಪಲ್ 2020ರ ಡಿಸೆಂಬರ್‌ನಿಂದ, ಗೂಗಲ್ ಪ್ಲೇ 2022ರಿಂದ, ಆ್ಯಪ್ ಯಾವ ಮಾಹಿತಿ ಸಂಗ್ರಹಿಸುತ್ತದೆ ಎಂದು ಡೆವಲಪರ್‌ಗಳಿಂದ ಬರೆಸಿಕೊಂಡು ಸ್ಟೋರ್‌ನಲ್ಲಿ ತೋರಿಸುತ್ತಿವೆ. ಹೊರಗಿನ ಎಸ್‌ಡಿಕೆ ಸಂಗ್ರಹಿಸುವುದೂ ಆ ಲೆಕ್ಕದಲ್ಲೇ ಬರುತ್ತದೆ. ಏನು ಹೋಗುತ್ತಿದೆ ಎಂದು ತನಗೇ ಗೊತ್ತಿಲ್ಲದವರು ಆ ಫಾರಂ ಅನ್ನು ಪ್ರಾಮಾಣಿಕವಾಗಿ ತುಂಬುವುದು ಹೇಗೆ?

ಕೈಬರಹದ ಪಟ್ಟಿಗೂ ಶಿಸ್ತು ಬೇಕು, ಇಲ್ಲದಿದ್ದರೆ ಅದೂ ಕೆಡುತ್ತದೆ. ನಾನು ಈ ಕೆಲಸಕ್ಕೆ ಬಂದಾಗ ಹೊಸ ಮಾತ್ರೆ ಸೇರಿಸುವ ಒಂದೇ ಕೆಲಸಕ್ಕೆ ಮೂರು ಹೆಸರುಗಳಿದ್ದವು: 'ಮೆಡಿಸಿನ್ ಆ್ಯಡೆಡ್', 'ಆ್ಯಡ್ ಮೆಡಿಸಿನ್', 'ನ್ಯೂ ಮೆಡ್'. ಆಂಡ್ರಾಯ್ಡ್ ಆವೃತ್ತಿಯಲ್ಲಿ ಬಟನ್ ಒತ್ತಿದಾಗ ಇವೆಂಟ್ ಹೋಗುತ್ತಿತ್ತು, ಐಫೋನ್‌ನಲ್ಲಿ ಸೇವ್ ಆದಾಗ. ಹಾಗಾಗಿ ಐಫೋನ್ ಬಳಸುವವರು ಮಾತ್ರೆ ಸೇರಿಸುವುದೇ ಕಡಿಮೆ ಎಂಬಂತೆ ಡ್ಯಾಶ್‌ಬೋರ್ಡ್ ತೋರಿಸುತ್ತಿತ್ತು. ಈಗ ಹೆಸರಿನ ಪಕ್ಕದಲ್ಲೇ ಅದು ಯಾವ ಗಳಿಗೆಯಲ್ಲಿ ಹೋಗಬೇಕು ಎಂದು ಒಂದು ವಾಕ್ಯ ಇರುತ್ತದೆ. ಆ ವಾಕ್ಯವನ್ನು ಎರಡೂ ಕಡೆಯ ಡೆವಲಪರ್‌ಗಳು ಓದಿ ಒಪ್ಪಿದ ಮೇಲೆಯೇ ಕೋಡ್. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಆದರೆ ಈ ಸಮಯವನ್ನು ಆಟೊಮ್ಯಾಟಿಕ್ ಉಳಿಸುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಾಠ ಕೇಳುತ್ತಾ ನೋಟ್ಸ್ ಬರೆಯದೆ ಇಡೀ ಪಾಠ ರೆಕಾರ್ಡ್ ಮಾಡಿಕೊಂಡವರು ಪರೀಕ್ಷೆಯ ಹಿಂದಿನ ರಾತ್ರಿ ಅದನ್ನೆಲ್ಲ ಕೇಳಬೇಕಾಗುತ್ತದಲ್ಲ, ಹಾಗೆಯೇ ಇದು. ಬರೆಯುವಾಗ ಉಳಿದ ಹೊತ್ತು, ಆಮೇಲೆ ಸಾವಿರಾರು ಹೆಸರಿಲ್ಲದ ಕ್ಲಿಕ್‌ಗಳಲ್ಲಿ ಬೇಕಾದ್ದನ್ನು ಹುಡುಕುವಾಗ ಹೋಗುತ್ತದೆ. ಡೆವಲಪರ್‌ಗೆ ಉಳಿದದ್ದನ್ನು ನನ್ನಂಥವರು ಕಳೆಯುತ್ತೇವೆ. ಇವೆಂಟ್ ಎಣಿಸಿ ಬಿಲ್ ಮಾಡುವ ಉಪಕರಣವಾದರೆ ಹಣವೂ ಜಾಸ್ತಿ ಹೋಗುತ್ತದೆ.

ಹಾಗಾದರೆ ನಾವು ಏನು ಮಾಡುತ್ತಿದ್ದೇವೆ? ಎರಡನ್ನೂ ಇಟ್ಟುಕೊಂಡಿದ್ದೇವೆ, ಆದರೆ ಸಮಸಮ ಅಲ್ಲ. ಆ್ಯಪ್ ತೆರೆದದ್ದು, ಸ್ಕ್ರೀನ್ ಬದಲಾದದ್ದು, ಆ್ಯಪ್ ಕ್ರ್ಯಾಶ್ ಆದದ್ದು, ಇವೆಲ್ಲ ತಾನಾಗಿ ದಾಖಲಾಗಲಿ. ಇವನ್ನು ಕೈಯಿಂದ ಬರೆಯುವುದು ವ್ಯರ್ಥ ಶ್ರಮ. ಬೆರಳಿನ ದಾಖಲೆಯನ್ನು ಹೊಸ ಸ್ಕ್ರೀನ್ ಬಂದಾಗ ಮಾತ್ರ, ಬರಹವನ್ನೆಲ್ಲ ಮರೆಮಾಡಿ, ಸ್ವಲ್ಪ ಕಾಲ ಆನ್ ಮಾಡುತ್ತೇವೆ. ಮಾತ್ರೆಗಳ ಪಟ್ಟಿ ಇರುವ ಸ್ಕ್ರೀನ್‌ನಲ್ಲಿ ಆಗಲೂ ಇಲ್ಲ. ಅಲ್ಲಿ ಕಂಡದ್ದು ಮುಖ್ಯ ಅನ್ನಿಸಿದರೆ ಅದಕ್ಕೊಂದು ಹೆಸರು ಕೊಟ್ಟು ಪಟ್ಟಿಗೆ ಸೇರಿಸುತ್ತೇವೆ, ಆಮೇಲೆ ಬೆರಳಿನ ದಾಖಲೆ ಆಫ್. ಯಾವುದರ ಮೇಲೆ ನಿರ್ಧಾರ ನಿಂತಿದೆಯೋ ಅದೆಲ್ಲ ಕೈಬರಹ. ಡೋಸ್ ದಾಖಲಾದದ್ದು, ತಪ್ಪಿಹೋದದ್ದು, ನೆನಪಿಸುವ ಹೊತ್ತು ಬದಲಿಸಿದ್ದು, ಹೀಗೆ.

ನಮ್ಮ ತಂಡದ ಒಬ್ಬರು ಇನ್ನೂ ಇದನ್ನು ಪೂರ್ತಿ ಒಪ್ಪಿಲ್ಲ. ಎಲ್ಲ ಸ್ಕ್ರೀನ್‌ನಲ್ಲೂ ಯಾವಾಗಲೂ ಆನ್ ಇದ್ದರೆ ಆ ಚಿತ್ರದಂಥ ವಿಷಯಗಳು ಇನ್ನೂ ಬೇಗ ಸಿಗುತ್ತವೆ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆಟದ ಆ್ಯಪ್ ಆಗಿದ್ದರೆ ನಾನೂ ಬಹುಶಃ ಒಪ್ಪುತ್ತಿದ್ದೆ. ಇದು ಕಾಯಿಲೆಯವರು ನಂಬಿ ತೆರೆಯುವ ಆ್ಯಪ್. ಇಲ್ಲಿ ತಡವಾಗಿ ಗೊತ್ತಾದರೂ ಪರವಾಗಿಲ್ಲ, ಬೇಡದ್ದು ಹೊರಗೆ ಹೋಗಬಾರದು.

ನಿಮ್ಮಲ್ಲಿ ಒಂದು ಕೋರಿಕೆ. ಆ ಲೇಖನದ ಮುಂದಿನ ಕಂತು ಬರುವುದಿದ್ದರೆ ಲೇಖಕರು ಒಂದು ಪ್ಯಾರಾ ಸೇರಿಸಲಿ. ಆ ಒಂದು ಸಾಲಿನ ಕೋಡ್ ಹಾಕಿದ ಮೇಲೆ ಉಪಕರಣದ ಸೆಟ್ಟಿಂಗ್ ತೆರೆದು, ಬರಹ ಮರೆಮಾಡುವ ಆಯ್ಕೆ ಆನ್ ಇದೆಯೇ ನೋಡಿ ಎಂದು ಹೇಳಲಿ. ಆಮೇಲೆ ತಮ್ಮದೇ ಫೋನ್‌ನಲ್ಲಿ ಆ್ಯಪ್ ಅನ್ನು ಐದು ನಿಮಿಷ ಬಳಸಿ, ಹೊರಗೆ ಹೋದ ಇವೆಂಟ್‌ಗಳನ್ನು ಒಂದೊಂದಾಗಿ ಓದಿ ಎಂದೂ ಹೇಳಲಿ. ಫೈರ್‌ಬೇಸ್‌ನಲ್ಲಿ ಅದಕ್ಕೆ ಡೀಬಗ್ ವ್ಯೂ ಎಂಬ ಜಾಗವೇ ಇದೆ. ಬೇರೆ ಉಪಕರಣಗಳಲ್ಲೂ ಇವೆಂಟ್ ಬಂದ ಹಾಗೆ ತೋರಿಸುವ ಪುಟ ಸಾಮಾನ್ಯವಾಗಿ ಇರುತ್ತದೆ. ಆ್ಯಪ್ ಸ್ಟೋರ್‌ಗೆ ಹೋಗುವ ಮೊದಲೇ ಇದನ್ನು ಮಾಡಬೇಕು.

ಇಂತಿ ನಿಮ್ಮ ಓದುಗಾರ್ತಿ,
ಮಾತ್ರೆ ನೆನಪಿಸುವ ಆ್ಯಪ್ ಒಂದರ ಅನಾಲಿಟಿಕ್ಸ್ ನೋಡಿಕೊಳ್ಳುವವಳು